ಗಾಳಿಗೆ ಮುಂಚಿನ ಮೂರು ಗಂಟೆ, ಗಾಳಿಯ ನಂತರದ ಮೂರು ದಿನ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಕೋಲಾರ ಜಿಲ್ಲೆ.

ವಿಷಯ: ಬೇಸಿಗೆಯ ಗುಡುಗು, ಸಿಡಿಲು, ಬಿರುಗಾಳಿಯ ಮುನ್ನೆಚ್ಚರಿಕೆ ಮತ್ತು ಗಾಳಿಯಿಂದಾದ ಬೆಳೆಹಾನಿಯ ಸಮೀಕ್ಷೆಯ ಬಗ್ಗೆ ಬಹಿರಂಗ ಮನವಿ.

ಮಾನ್ಯರೇ,

ಯುಗಾದಿಗೆ ಇನ್ನು ಕೆಲವೇ ವಾರಗಳು ಉಳಿದಿವೆ. ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಪುಗಳಲ್ಲಿ ಹೂವು ಉದುರಿ ಹೀಚು ಕಟ್ಟಿದೆ. ಮುಂಚೆ ಹೂ ಬಿಟ್ಟ ಮರಗಳಲ್ಲಿ ಕಾಯಿ ಆಗಲೇ ನಿಂಬೆಯ ಗಾತ್ರಕ್ಕೆ ಬಂದಿದೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ ಹುಟ್ಟುತ್ತದೆ, ಅದರ ಹಿಂದೆ ಭರಣಿ, ಕೃತ್ತಿಕೆ, ರೋಹಿಣಿ. ಜೂನ್ ಮೊದಲ ವಾರದವರೆಗಿನ ಈ ನಾಲ್ಕು ಮಳೆಗಳ ಅವಧಿಯೇ ನಮ್ಮ ಬಯಲುಸೀಮೆಯಲ್ಲಿ ಗುಡುಗು, ಸಿಡಿಲು, ಬಿರುಗಾಳಿ, ಆಲಿಕಲ್ಲುಗಳ ಕಾಲ. ಗಾಳಿ ಬೀಸಿ ತೋಪು ಬರಿದಾದ ಮೇಲೆ ಬರೆಯುವ ಅರ್ಜಿಗಳನ್ನು ನಾನು ಈ ಹಿಂದೆ ಎರಡು ಸಲ ಬರೆದಿದ್ದೇನೆ. ಈ ಸಲ ಗಾಳಿಗೆ ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ನಾನು ಕೇಳುವ ಕೆಲಸಗಳಲ್ಲಿ ಹೆಚ್ಚಿನವು ಅಶ್ವಿನಿ ಮಳೆ ಹುಟ್ಟುವುದರೊಳಗೆ ಆಗಬೇಕಾದವು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ಮಳೆ ಬೇಡವೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ರಾಗಿಗೂ ನೆಲಗಡಲೆಗೂ ಹೊಲ ಉತ್ತು ಹದ ಮಾಡಿಕೊಳ್ಳುವುದು ಈ ಮಳೆಯ ತೇವದಲ್ಲೇ. ಜೀವನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ, ಸಾವಿರ ಅಡಿಗಿಂತ ಆಳಕ್ಕೆ ಕೊಳವೆಬಾವಿ ಕೊರೆಸಿ ಬದುಕುವ ಜನ ಮಳೆಯನ್ನು ದೂರುವುದು ಹೇಗೆ? ಆದರೆ ಅದೇ ಹಿರಿಯರು ಅಶ್ವಿನಿ ಸಸ್ಯನಾಶಿನಿ ಎಂದೂ ಹೇಳಿದ್ದರು. ಮಳೆಯ ಜೊತೆಗೆ ಬರುವ ಆ ಅರ್ಧ ಗಂಟೆಯ ಗಾಳಿಯನ್ನು ಅವರು ಕಂಡಿದ್ದರು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನವನ್ನು ತಮ್ಮ ಮುಂದಿಡುತ್ತೇನೆ. ನನ್ನದು ಆರು ಎಕರೆ ತೋಪು. ಹೆಚ್ಚಿನವು ತಂದೆ ನೆಟ್ಟ ತೋತಾಪುರಿ, ಉಳಿದದ್ದು ಬಾದಾಮಿ ಮತ್ತು ಬೇನಿಷಾ. ಅಂದು ಬೆಳಗಿನಿಂದ ಎಲೆ ಅಲುಗದ ಸೆಕೆ ಇತ್ತು. ಮೂರು ಗಂಟೆಯ ಹೊತ್ತಿಗೆ ದೂರದಲ್ಲಿ ಮೋಡ ಮೇಲೆದ್ದು ಹೂಕೋಸಿನ ಹಾಗೆ ಉಬ್ಬತೊಡಗಿತು. ನಾಲ್ಕೂವರೆಗೆ ಮೊದಲ ಗುಡುಗು ಕೇಳಿಸಿತು. ಐದು ಗಂಟೆಗೆ ಮಣ್ಣಿನ ವಾಸನೆ ಹೊತ್ತು ತಣ್ಣನೆಯ ಗಾಳಿ ಬಂದಾಗ ಮನೆಯವರೆಲ್ಲ ಹಿತವಾಯಿತೆಂದು ಜಗಲಿಗೆ ಬಂದು ಕುಳಿತರು. ಅದರ ಬೆನ್ನಿಗೇ ಧೂಳು ಎದ್ದು ಎದುರಿನ ಮನೆ ಕಾಣದಂತಾಯಿತು. ಪಕ್ಕದ ಮನೆಯ ದನದ ಕೊಟ್ಟಿಗೆಯ ತಗಡು ಕಲ್ಲುಗಳ ಸಮೇತ ಹಾರಿ ರಸ್ತೆಯಾಚೆಗೆ ಬಿತ್ತು. ತೋಪಿನ ಕಡೆಯಿಂದ ಕಾಯಿ ಉದುರುವ ಸದ್ದು, ಗೋಣಿಚೀಲದಿಂದ ಕಲ್ಲು ಸುರಿದ ಹಾಗೆ, ಇಪ್ಪತ್ತು ನಿಮಿಷ ಬಿಡುವಿಲ್ಲದೆ ಕೇಳುತ್ತಿತ್ತು. ಮಳೆ ಬಿದ್ದದ್ದು ಆಮೇಲೆ, ಅದೂ ಸ್ವಲ್ಪವೇ. ಸಂಜೆ ಬ್ಯಾಟರಿ ಹಿಡಿದು ಹೋಗಿ ನೋಡಿದಾಗ ಕಾಯಿಯ ಮೇಲೆ ಕಾಲಿಡದೆ ನಡೆಯುವುದು ಸಾಧ್ಯವಿರಲಿಲ್ಲ. ಎರಡು ಮರ ಬುಡಸಮೇತ ಒರಗಿದ್ದವು.

ತೋತಾಪುರಿ ನಮ್ಮಲ್ಲಿ ಬಲಿಯುವುದು ಜೂನ್, ಜುಲೈ ತಿಂಗಳಲ್ಲಿ. ಮೇ ತಿಂಗಳಲ್ಲಿ ಉದುರಿದ ಕಾಯಿ ಹಣ್ಣಾಗುವುದಿಲ್ಲ, ಸುಕ್ಕುಗಟ್ಟುತ್ತದೆ. ತಿರುಳು ತೆಗೆಯುವ ಕಾರ್ಖಾನೆಗೆ ಅದು ಬೇಡ. ಉಪ್ಪಿನಕಾಯಿಗೆಂದು ಕೊಳ್ಳುವವರು ಕೇಳಿದ ಬೆಲೆಗೆ, ಆಯುವ ಕೂಲಿಯೂ ಹುಟ್ಟದ ಬೆಲೆಗೆ, ಮಾರನೆಯ ದಿನವೇ ಕೊಡಬೇಕು. ಎರಡು ದಿನ ತಡೆದರೆ ಪೆಟ್ಟು ಬಿದ್ದ ಜಾಗ ಕಪ್ಪಾಗಿ ಕೊಳೆಯುತ್ತದೆ. ನಾನು ಅರ್ಧ ಮಾರಿದೆ, ಅರ್ಧ ಗೊಬ್ಬರದ ಗುಂಡಿಗೆ ಹಾಕಿದೆ. ಹಾನಿ ನೋಡಲು ಸಿಬ್ಬಂದಿ ಬಂದದ್ದು ಹನ್ನೊಂದನೆಯ ದಿನ. ಬಂದವರು ಸೌಜನ್ಯದಿಂದಲೇ ಮಾತನಾಡಿದರು, ಬಿಸಿಲಿನಲ್ಲಿ ತೋಪೆಲ್ಲ ಸುತ್ತಿದರು. ಅವರು ಕೇಳಿದ್ದು ಎರಡು ಪ್ರಶ್ನೆ: ಆಲಿಕಲ್ಲು ಬಿದ್ದಿತ್ತೇ? ಉದುರಿದ ಕಾಯಿ ಎಲ್ಲಿದೆ? ಎರಡಕ್ಕೂ ನನ್ನ ಬಳಿ ಅವರ ನಮೂನೆಗೆ ಹೊಂದುವ ಉತ್ತರ ಇರಲಿಲ್ಲ. ಒರಗಿದ ಎರಡು ಮರಗಳ ಫೋಟೋ ತೆಗೆದುಕೊಂಡು ಹೋದರು.

ಆ ಎರಡು ಪ್ರಶ್ನೆಗಳ ಹಿಂದೆ ಇರುವುದು ಒಬ್ಬ ನೌಕರರ ತಪ್ಪಲ್ಲ ಎಂಬುದು ನನಗೆ ಗೊತ್ತು. ಬಿರುಗಾಳಿಯನ್ನು ನಮ್ಮ ವ್ಯವಸ್ಥೆ ಇನ್ನೂ ಒಂದು ವಿಪತ್ತೆಂದು ಎಣಿಸಿಲ್ಲ. ಅದು ಬೀಸಿ ಹೋದ ಮೇಲೆ ಉಳಿದ ಗುರುತನ್ನು ಮಾತ್ರ ಹುಡುಕುತ್ತದೆ. ಈ ಪತ್ರದಲ್ಲಿ ನಾನು ಕೇಳುವುದೆಲ್ಲ ಎರಡು ಅವಧಿಗಳಿಗೆ ಸಂಬಂಧಿಸಿದ್ದು: ಗಾಳಿ ಬರುವುದಕ್ಕೆ ಮುಂಚಿನ ಮೂರು ಗಂಟೆ, ಗಾಳಿ ಹೋದ ನಂತರದ ಮೂರು ದಿನ.

ಈ ಗಾಳಿ ಹುಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ನನ್ನ ಬೇಡಿಕೆಗಳಿಗೆ ಕಾರಣ ಅದರಲ್ಲೇ ಇದೆ. ಬೇಸಿಗೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯ ತೇವದ ಗಾಳಿಯೂ ಒಳನಾಡಿನ ಒಣ ಗಾಳಿಯೂ ದಕ್ಷಿಣ ಪ್ರಸ್ಥಭೂಮಿಯ ಮೇಲೆ ಸಂಧಿಸುತ್ತವೆ. ಕಾದ ನೆಲ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದವರೆಗೂ ಏರಿ ಗುಡುಗಿನ ಮೋಡವಾಗುತ್ತದೆ. ಆ ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುವಾಗ ಸುತ್ತಲಿನ ಗಾಳಿ ತಂಪಾಗಿ ಭಾರವಾಗುತ್ತದೆ, ಭಾರವಾದ ಗಾಳಿ ರಭಸದಿಂದ ನೆಲಕ್ಕಿಳಿದು ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಮೊದಲು ನಮ್ಮ ಮುಖಕ್ಕೆ ಹಿತವಾಗಿ ತಗಲುವ ತಣ್ಣನೆಯ ಗಾಳಿ ಇದರದೇ ಅಂಚು. ಮೋಡದ ಕೆಳಗಿನ ಗಾಳಿ ಎಷ್ಟು ಒಣಗಿದೆಯೋ ಅಷ್ಟು ರಭಸ ಹೆಚ್ಚು, ಮಳೆ ಕಡಿಮೆ. ನಮ್ಮ ತೋಪಿನಲ್ಲಿ ಅಂದು ಆದದ್ದು ಅದೇ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮರದ ಮೇಲೆ, ತಗಡಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಂಥ ಒಂದು ಮೋಡದ ಆಯುಷ್ಯ ಸುಮಾರು ಒಂದು ಗಂಟೆ, ಅದು ಹಾನಿ ಮಾಡುವ ಪಟ್ಟಿ ಕೆಲವೇ ಕಿಲೋಮೀಟರ್ ಅಗಲ. ಒಂದು ಊರಿನ ತೋಪು ಬರಿದಾದಾಗ ಮೂರು ಮೈಲಿ ಆಚೆಯ ಊರಿನಲ್ಲಿ ಒಣಗಲು ಹಾಕಿದ ಹುಣಸೆಹಣ್ಣೂ ನೆನೆದಿರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ಅಪರೂಪ, ಅದಕ್ಕಾಗಿ ನಾವು ಹೆಮ್ಮೆ ಪಡಬೇಕು. ಆದರೆ ಮಳೆಯನ್ನು ಪಂಚಾಯಿತಿಗೊಂದು ಕಡೆ ಅಳೆದರೆ ಗಾಳಿಯನ್ನು ಅಳೆಯುವುದು ಹೋಬಳಿಗೊಂದು ಕಡೆ. ನಮ್ಮ ತಾಲ್ಲೂಕಿನಲ್ಲಿ ಕಸಬಾ, ರೋಣೂರು, ಯಲ್ದೂರು, ನೆಲವಂಕಿ, ರಾಯಲ್ಪಾಡು ಎಂದು ಐದು ಹೋಬಳಿಗಳು. ಇಡೀ ತಾಲ್ಲೂಕಿನ ತೋಪುಗಳ ಮೇಲೆ ಬೀಸಿದ ಗಾಳಿಗೆ ಐದು ಕಡೆಯ ಮಾಪನ ಸಾಕ್ಷಿಯಾಗಲಾರದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತ ತನ್ನ ಪಾಲಿನ ಕಂತನ್ನು ತೋಟಗಾರಿಕೆ ಬೆಳೆಗೆ ವಿಮಾ ಮೊತ್ತದ ಶೇ 5ರವರೆಗೆ ಕಟ್ಟುತ್ತಾನೆ. ಪರಿಹಾರ ತೀರ್ಮಾನವಾಗುವುದು ತೋಟವನ್ನು ನೋಡಿ ಅಲ್ಲ, ಗೊತ್ತುಪಡಿಸಿದ ಹವಾಮಾನ ಕೇಂದ್ರದ ಅಂಕಿಗಳನ್ನು ನೋಡಿ. ಗಾಳಿ ಆ ಕೇಂದ್ರವನ್ನು ಮುಟ್ಟದೆ ನಮ್ಮ ತೋಪನ್ನು ಮಾತ್ರ ಮುಟ್ಟಿ ಹೋದರೆ ಆ ಅಂಕಿಗಳಲ್ಲಿ ನಮಗೇನೂ ಆಗಿಲ್ಲ.

ಈಗ ಮುಂಚಿನ ಮೂರು ಗಂಟೆಯ ವಿಷಯ. ಗುಡುಗಿನ ಮೋಡ ಎಲ್ಲಿ ಎದ್ದಿದೆ, ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ನೋಡಿ ಭಾರತ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ತಕ್ಷಣದ ಮುನ್ಸೂಚನೆ ಹೊರಡಿಸುತ್ತದೆ. ಸಿಡಿಲಿಗೆಂದೇ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ, ನಮ್ಮ ರಾಜ್ಯದ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇದೆ. ಅಂದರೆ ಮೂರು ಗಂಟೆಗೆ ನಾನು ಜಗಲಿಯಿಂದ ಕಂಡ ಮೋಡವನ್ನು ಕಂಡವರು ಬೇರೆಯವರೂ ಇದ್ದರು. ತಿಳಿವಳಿಕೆ ಇದೆ. ಅದು ಹೊಲದಲ್ಲಿರುವವನ ಕಿವಿಗೆ ಬೀಳುವುದಿಲ್ಲ, ಬಿದ್ದರೂ ಅವನು ಏನು ಮಾಡಬೇಕೆಂದು ಹೇಳುವುದಿಲ್ಲ.

ಬರುವ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: ಜಿಲ್ಲೆಯ ಕೆಲವು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ಮಾಲೂರಿನವನಿಗೂ ರಾಯಲ್ಪಾಡಿನವನಿಗೂ ಇದು ಒಂದೇ. ಗಂಟೆಗೆ 50 ಕಿ.ಮೀ. ಎಂದರೆ ಕುರಿ ಹಟ್ಟಿಗೆ ಸೇರಬೇಕೇ, ಟೊಮೆಟೊ ಸಾಲಿಗೆ ಇನ್ನೊಂದು ಕೋಲು ಆನಿಸಬೇಕೇ, ರೇಷ್ಮೆ ಹುಳು ಸಾಕುವ ಮನೆಯ ಶೀಟಿನ ಮೇಲೆ ಮರಳಿನ ಚೀಲ ಹೇರಬೇಕೇ ಎಂದು ಅದರಿಂದ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯ ಟೊಮೆಟೊ ಬೆಳೆ ನಿಂತಿರುವುದು ನೀಲಗಿರಿ ಕೋಲು, ತಂತಿ, ದಾರಗಳ ಮೇಲೆ. ತಲೆಭಾರವಾಗಿ ಕಾಯಿ ತುಂಬಿದ ಸಾಲು ಒಂದು ಕಡೆ ಮಗುಚಿದರೆ ಎಳೆದುಕೊಂಡು ಇಡೀ ಸಾಲು ಮಲಗುತ್ತದೆ. ಎರಡು ಗಂಟೆ ಮುಂಚೆ ಗೊತ್ತಾದರೆ ಗಾಳಿಯ ದಿಕ್ಕಿನ ಅಂಚಿನ ಕೋಲುಗಳಿಗೆ ಓರೆಯಾಗಿ ಆಸರೆ ಕೊಟ್ಟು ಅರ್ಧವನ್ನಾದರೂ ಉಳಿಸಿಕೊಳ್ಳಬಹುದು. ಬಿಡಿಸಿದ ಬಾಕ್ಸುಗಳನ್ನು ಮಂಡಿಗೆ ಹೊರಡಿಸಬಹುದು. ಬಾದಾಮಿ ಬಲಿತಿದ್ದರೆ ಕೆಳಗಿನ ಕೊಂಬೆಗಳದನ್ನಾದರೂ ಇಳಿಸಬಹುದು.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಜಿಲ್ಲೆಗೆ ಬಂದ ಮೂರು ಗಂಟೆಗಳ ಎಚ್ಚರಿಕೆಯನ್ನು ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದಲ್ಲೇ ಹೋಬಳಿವಾರು ಒಡೆದು, ಮಾಡಬೇಕಾದ ಕೆಲಸವನ್ನು ಹೇಳುವ ಎರಡು ಸಾಲಿನ ಮಾತಾಗಿ ಬದಲಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ಧ್ವನಿ ಸಂದೇಶವಾಗಿ ಕಳಿಸಬೇಕು. ತೆಲುಗನ್ನು ಹೇಳಿದ್ದಕ್ಕೆ ಕಾರಣವಿದೆ: ಗಡಿಯ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ಅದು, ಮತ್ತು ಕುರಿ ಕಾಯುವ ಹಿರಿಯರಿಗೆ ಓದಲು ಬರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಫೋನುಗಳು ಒಮ್ಮೆಲೇ ಸದ್ದು ಮಾಡಿದ ತುರ್ತು ಸಂದೇಶದ ಪರೀಕ್ಷೆ ಎಲ್ಲರಿಗೂ ನೆನಪಿದೆ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆ ಮಾತ್ರ ಸಂದೇಶ ಕಳಿಸಬಲ್ಲ ಆ ವ್ಯವಸ್ಥೆ ಕೆಲವೇ ಕಿಲೋಮೀಟರ್ ಅಗಲದ ಇಂಥ ಗಾಳಿಗೆ ಹೇಳಿ ಮಾಡಿಸಿದಂತಿದೆ. ಅದನ್ನು ಬೇಸಿಗೆಯ ಬಿರುಗಾಳಿಗೂ ಬಳಸುವಂತೆ ತಾವು ಸರ್ಕಾರಕ್ಕೆ ಬರೆಯಬೇಕು.

ಫೋನು ತಲುಪದ ಕಡೆಗೆ ನಮ್ಮೂರುಗಳಲ್ಲಿ ಇನ್ನೊಂದು ದಾರಿ ಇದೆ. ಈ ಜಿಲ್ಲೆಯಲ್ಲಿ ಹಾಲಿನ ಡೈರಿ ಇಲ್ಲದ ಊರು ಹುಡುಕುವುದು ಕಷ್ಟ. ಬೇಸಿಗೆಯ ಬಿರುಗಾಳಿ ಹೆಚ್ಚಾಗಿ ಬರುವುದು ಮಧ್ಯಾಹ್ನ ಕಳೆದು ಸಂಜೆಯೊಳಗೆ. ಡೈರಿಯ ಬಾಗಿಲು ತೆರೆದು ಜನ ಕ್ಯಾನು ಹಿಡಿದು ನಿಲ್ಲುವುದೂ ಸಂಜೆಯೇ. ಡೈರಿಯ ಕಾರ್ಯದರ್ಶಿಗೆ ಒಂದು ಕರೆ ಮಾಡಿದರೆ ಅಲ್ಲಿ ನಿಂತ ಅರವತ್ತು ಎಪ್ಪತ್ತು ಮನೆಗಳವರಿಗೆ ಸುದ್ದಿ ಮುಟ್ಟುತ್ತದೆ. ದೇವಸ್ಥಾನದ ಮೈಕು, ಮಸೀದಿಯ ಮೈಕು, ಪಂಚಾಯಿತಿಯ ಕಸದ ಗಾಡಿಯ ಮೈಕು ಕೂಡ ಇವೆ. ಹೋಬಳಿವಾರು ಈ ಜನರ ಪಟ್ಟಿಯನ್ನು ಮಾಡಿ, ಮಾರ್ಚ್ ಮುಗಿಯುವುದರೊಳಗೆ ಒಂದು ಸಲ ಸುಳ್ಳು ಎಚ್ಚರಿಕೆ ಕೊಟ್ಟು ಪರೀಕ್ಷಿಸಿ ನೋಡಬೇಕೆಂದು ಕೇಳುತ್ತೇನೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬೇಡ.

ಸಿಡಿಲಿನ ಮಾತನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಗಾಳಿ ಬೆಳೆ ತೆಗೆದರೆ ಸಿಡಿಲು ಜೀವ ತೆಗೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ ಸಿಡಿಲು ಬಡಿದು ದೇಶದಲ್ಲಿ 2021ರಲ್ಲಿ 2,880 ಜನ, 2022ರಲ್ಲಿ 2,887 ಜನ ಸತ್ತರು. ಹೊಲದಲ್ಲಿ ಕೆಲಸ ಮಾಡುವವರು, ದನಕುರಿ ಮೇಯಿಸುವವರು, ಮಳೆ ಬಂತೆಂದು ಒಂಟಿ ಮರದ ಬುಡಕ್ಕೆ ಓಡಿದವರು ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತಾರೆ. ನಮ್ಮ ಕಡೆ ಆ ಒಂಟಿ ಮರ ಹುಣಸೆಯದು. ರಸ್ತೆಯ ಬದಿಯಲ್ಲಿ, ಹೊಲದ ನಡುವಿನಲ್ಲಿ, ಕೆರೆ ಏರಿಯ ಮೇಲೆ, ಬಿಸಿಲಿನಲ್ಲಿ ತಾಯಿಯಂತೆ ನೆರಳು ಕೊಡುವ ಮರ ಅದು. ಬಿಸಿಲಿನಲ್ಲಿ ಓಡಿದ ಅಭ್ಯಾಸವೇ ಸಿಡಿಲಿನಲ್ಲೂ ಕಾಲನ್ನು ಅತ್ತ ಒಯ್ಯುತ್ತದೆ. ಬಯಲಿನಲ್ಲಿ ಎತ್ತರವಾಗಿ ನಿಂತದ್ದಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು, ಬಡಿದ ಮೇಲೆ ಅದು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೂ ಹಾರುತ್ತದೆ, ಬೇರಿನ ಸುತ್ತಲ ನೆಲದಲ್ಲೂ ಹರಿಯುತ್ತದೆ. ಒಂದೇ ಮರದಡಿ ನಿಂತ ಹತ್ತಾರು ಕುರಿಗಳು ಒಟ್ಟಿಗೆ ಸಾಯುವುದು ಇದರಿಂದಲೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ತಿಳಿಯುತ್ತದೆ. ಎಣಿಕೆ ಮೂವತ್ತರೊಳಗೆ ಬಂದರೆ ಆಗಲೇ ಗೋಡೆ, ಮಾಳಿಗೆ ಇರುವ ಮನೆಯೊಳಗೆ ಅಥವಾ ಬಾಗಿಲು ಮುಚ್ಚಿದ ವಾಹನದೊಳಗೆ ಇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಈ ಎಣಿಕೆಯನ್ನು ಅಂಗನವಾಡಿಯಿಂದ ಉದ್ಯೋಗ ಖಾತ್ರಿ ಕೆಲಸದ ಸ್ಥಳದವರೆಗೆ ಹೇಳಿಕೊಡಬಹುದು. ಶಾಲೆಗೆ ಬೇಸಿಗೆ ರಜೆ ಬಂದರೆ ಮಕ್ಕಳೂ ಕುರಿಯ ಹಿಂದೆ ಹೋಗುತ್ತಾರೆ. ರಜೆಗೆ ಮುಂಚಿನ ಕೊನೆಯ ವಾರ ಪ್ರತಿ ಶಾಲೆಯಲ್ಲಿ ಒಂದು ತರಗತಿಯನ್ನು ಇದಕ್ಕೆಂದೇ ಇಡುವಂತೆ ತಾವು ಆದೇಶಿಸಿದರೆ ಆ ಮಾತು ಮಕ್ಕಳ ಮೂಲಕ ಅಜ್ಜಂದಿರಿಗೂ ಮುಟ್ಟುತ್ತದೆ.

ವಿದ್ಯುತ್ ತಂತಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಾಲಿದ ಕಂಬ, ಎರಡು ಕಂಬಗಳ ನಡುವೆ ಜೋತುಬಿದ್ದ ತಂತಿ, ತಂತಿಗೆ ತಾಗಿದ ಕೊಂಬೆ ಎಲ್ಲೆಲ್ಲಿವೆ ಎಂಬುದು ಪ್ರತಿ ಊರಿನ ಜನರಿಗೆ ಗೊತ್ತು. ನಮ್ಮ ತೋಪಿನ ಅಂಚಿನಲ್ಲಿ ಎರಡು ವರ್ಷ ವಾಲಿ ನಿಂತಿದ್ದ ಕಂಬವೊಂದು ಅಂದಿನ ಗಾಳಿಗೆ ಬಿದ್ದು, ಆರು ದಿನ ಕೊಳವೆಬಾವಿ ನಿಂತು, ದನಗಳಿಗೆ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕಾಯಿತು. ತಂತಿ ಬಿದ್ದಾಗ ಅದರ ಮೇಲೆ ಯಾರೂ ಕಾಲಿಡಲಿಲ್ಲ ಎಂಬುದು ನಮ್ಮ ಪುಣ್ಯ. ಕೊಂಬೆ ಕಡಿಯುವ, ಕಂಬ ನೆಟ್ಟಗೆ ಮಾಡುವ ಕೆಲಸ ಮೊದಲ ಗುಡುಗಿಗಿಂತ ಮುಂಚೆ, ಪಂಚಾಯಿತಿವಾರು ಪಟ್ಟಿ ಮಾಡಿ, ಮುಗಿಯಬೇಕು.

ಇನ್ನು ನಂತರದ ಮೂರು ದಿನ. ನನ್ನ ಮನಸ್ಸಿನಲ್ಲಿ ಹೆಚ್ಚು ಕುದಿಯುತ್ತಿರುವುದು ಇದೇ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂತಹ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ ರೈತ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ತಡವಾದರೆ ಹಾನಿಯ ಗುರುತು ಅಳಿಸುತ್ತದೆ ಎಂಬ ತಿಳಿವಳಿಕೆಯಿಂದಲೇ ಆ ನಿಯಮ ಬಂದಿದೆ. ರೈತನಿಗೆ 72 ಗಂಟೆಯ ಗಡುವು ನ್ಯಾಯವಾದರೆ ಅವನ ತೋಪನ್ನು ನೋಡಲು ಬರುವವರಿಗೂ ಅದೇ ಗಡುವು ಇರಬೇಕಲ್ಲವೇ? ಉದುರಿದ ಮಾವು ಒರಗಿದ ರಾಗಿಯಂತೆ ಹೊಲದಲ್ಲೇ ಉಳಿಯುವುದಿಲ್ಲ. ಮೂರನೆಯ ದಿನ ಅದು ಮಾರಾಟವಾಗಿರುತ್ತದೆ, ಇಲ್ಲವೇ ಕೊಳೆತಿರುತ್ತದೆ.

ಮಾವಿಗೆ ಎಣಿಕೆಯ ಒಂದು ಸರಳ ಕ್ರಮವನ್ನು ತೋಟಗಾರಿಕೆ ಇಲಾಖೆ ಗೊತ್ತುಪಡಿಸಬಹುದು. ಪ್ರತಿ ತೋಪಿನಲ್ಲಿ ಅಂಚಿನಿಂದ, ನಡುವಿನಿಂದ ಆರಿಸಿದ ಹತ್ತು ಮರಗಳ ಬುಡದಲ್ಲಿ ಬಿದ್ದ ಕಾಯಿಯನ್ನೂ ಮರದಲ್ಲಿ ಉಳಿದ ಕಾಯಿಯನ್ನೂ ಎಣಿಸಿದರೆ ಶೇಕಡಾ ಎಷ್ಟು ಹೋಯಿತೆಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಸಿಬ್ಬಂದಿ ಮೂರು ದಿನದೊಳಗೆ ಬರಲಾಗದಿದ್ದರೆ, ಸ್ಥಳ ಮತ್ತು ಸಮಯ ದಾಖಲಾಗುವ ಫೋಟೋಗಳನ್ನು ರೈತನೇ ತೆಗೆದು ಕಳಿಸಲು, ಅದನ್ನು ಸಾಕ್ಷಿಯಾಗಿ ಒಪ್ಪಲು ಆದೇಶ ಬೇಕು. ಬೆಳೆ ಸಮೀಕ್ಷೆಗೆ ರೈತರೇ ಫೋಟೋ ತೆಗೆದು ಹಾಕುವ ಆ್ಯಪ್ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಬಿತ್ತಿದ್ದನ್ನು ಹೇಳುವಾಗ ನಂಬುವ ರೈತನನ್ನು ಉದುರಿದ್ದನ್ನು ಹೇಳುವಾಗಲೂ ನಂಬಬೇಕು. ಸುಳ್ಳು ಹೇಳುವವರು ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತಾರೆ. ಅದಕ್ಕೆ ಹತ್ತರಲ್ಲಿ ಒಂದು ತೋಪನ್ನು ಮರುಪರಿಶೀಲಿಸಿ, ಸುಳ್ಳು ಕಂಡರೆ ಕಠಿಣ ಕ್ರಮ ಕೈಗೊಳ್ಳಿ.

ಈ ಎಣಿಕೆ ಏಕೆ ಮುಖ್ಯವೆಂದರೆ, ಸರ್ಕಾರದ ವಿಪತ್ತು ಪರಿಹಾರ ಸಿಗಬೇಕಾದರೆ ಹಾನಿ ಶೇ 33ಕ್ಕೆ ಮುಟ್ಟಿರಬೇಕು. 2015ಕ್ಕೆ ಮೊದಲು ಅದು ಶೇ 50 ಇತ್ತು, ಇಳಿಸಿದ್ದು ಒಳ್ಳೆಯದಾಯಿತು. ಆದರೆ ಹನ್ನೊಂದನೆಯ ದಿನ ಬರಿಗಣ್ಣಿನಿಂದ ನೋಡುವವರಿಗೆ ಶೇ 25ಕ್ಕೂ ಶೇ 40ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಗಾಳಿ ಪಟ್ಟಿಯಾಗಿ ಬೀಸುವುದರಿಂದ ಗ್ರಾಮದ ಸರಾಸರಿಯೂ ಇಲ್ಲಿ ಅನ್ಯಾಯವಾಗುತ್ತದೆ; ಲೆಕ್ಕ ಸರ್ವೆ ನಂಬರ್‌ವಾರು ಆಗಬೇಕು. 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ಗೊತ್ತುಪಡಿಸಿದ ಮಾನದಂಡದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಎಕರೆಗೆ ನಲವತ್ತು ಮರವೆಂದು ಹಿಡಿದರೆ ಮರಕ್ಕೆ 230 ರೂಪಾಯಿಗೂ ಕಡಿಮೆ ಬೀಳುತ್ತದೆ. ಹೂ ಬಿಡುವ ಮೊದಲಿನಿಂದ ಹೀಚು ಕಟ್ಟುವವರೆಗೆ ಜಿಗಿಹುಳುವಿಗೆ, ಬೂದಿರೋಗಕ್ಕೆ ಹೊಡೆಯುವ ಔಷಧಿ ಮತ್ತು ಕೂಲಿಗೆ ಮರವೊಂದಕ್ಕೆ ಎಷ್ಟಾಗುತ್ತದೆ ಎಂಬುದು ತಮ್ಮ ತೋಟಗಾರಿಕೆ ಅಧಿಕಾರಿಗಳಿಗೆ ತಿಳಿದಿದೆ. ಆ ಮೊತ್ತವನ್ನು ಹೆಚ್ಚಿಸುವುದು ತಮ್ಮ ಕೈಯಲ್ಲಿಲ್ಲ. ಇರುವಷ್ಟಾದರೂ ಅರ್ಹರಿಗೆ ಮುಟ್ಟುವುದು ತಮ್ಮ ಕೈಯಲ್ಲಿದೆ.

ಅರ್ಹರು ಯಾರು ಎಂಬುದೂ ಇಲ್ಲಿ ತೊಡಕಿನ ಪ್ರಶ್ನೆ. ನಮ್ಮಲ್ಲಿ ಎಷ್ಟೋ ತೋಪುಗಳನ್ನು ಹೂವಿನ ಸಮಯದಲ್ಲೇ ಫಸಲಿನ ಮೇಲೆ ಗುತ್ತಿಗೆಗೆ ಕೊಡುತ್ತಾರೆ. ಸಾಲ ತಂದು ಮುಂಗಡ ಕೊಟ್ಟು, ಔಷಧಿ ಹೊಡೆಸಿ, ತೋಪಿನಲ್ಲೇ ಗುಡಿಸಲು ಹಾಕಿ ಹೆಂಡತಿ ಮಕ್ಕಳೊಂದಿಗೆ ಕಾವಲಿರುವ ಸಣ್ಣ ಗುತ್ತಿಗೆದಾರನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗಾಳಿ ಬೀಸಿದ ರಾತ್ರಿ ಆ ಗುಡಿಸಲೂ ಹಾರಿಹೋಗುತ್ತದೆ, ಮುಂಗಡವೂ ಹೋಗುತ್ತದೆ. ಪರಿಹಾರ ಬಂದರೆ ಅದು ಪಹಣಿಯ ಹೆಸರಿಗೆ. ಕೆಲವು ಮಾಲೀಕರು ಹಂಚಿಕೊಳ್ಳುತ್ತಾರೆ, ಕೆಲವರು ಇಲ್ಲ. ಫಸಲು ಗುತ್ತಿಗೆಯನ್ನು ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕದಲ್ಲಿ ಬರೆಸುವ ಪದ್ಧತಿಯನ್ನು ತಾವು ಆರಂಭಿಸಿದರೆ, ಕಾನೂನು ಬದಲಾಗುವವರೆಗೂ ಅದು ಒಂದು ದಾಖಲೆಯಾಗಿ ಉಳಿಯುತ್ತದೆ. ಭೂಮಿಯ ಹಕ್ಕಿಗೆ ಅದರಿಂದ ಧಕ್ಕೆ ಇಲ್ಲ ಎಂದು ಅದೇ ಪುಟದಲ್ಲಿ ಬರೆದರೆ ಮಾಲೀಕರ ಅಂಜಿಕೆಯೂ ಹೋಗುತ್ತದೆ.

ಆಲಿಕಲ್ಲು ಬಿತ್ತೇ ಎಂಬ ಆ ಪ್ರಶ್ನೆಗೆ ಮರಳುತ್ತೇನೆ. ಮೇಲೆ ಹೇಳಿದ ಮಾನದಂಡದಲ್ಲಿ ಹೆಸರಿಸಿದ ವಿಪತ್ತುಗಳು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಹಿಮ ಹಾಗೂ ಶೀತಗಾಳಿ. ಸಮುದ್ರದಲ್ಲಿ ಹುಟ್ಟಿ ಬರುವ ಚಂಡಮಾರುತ ಈ ಪಟ್ಟಿಯಲ್ಲಿದೆ. ನಮ್ಮ ನೆತ್ತಿಯ ಮೇಲಿನ ಮೋಡದಿಂದಲೇ ಇಳಿದು ಬರುವ ಬಿರುಗಾಳಿ ಇಲ್ಲ, ಸಿಡಿಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ, ಸ್ಥಳೀಯವಾಗಿ ರಾಜ್ಯವೇ ವಿಪತ್ತೆಂದು ಪರಿಗಣಿಸುವವಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿಯ ವಾರ್ಷಿಕ ಮೊತ್ತದ ಶೇ 10ರವರೆಗೆ ಬಳಸಲು ಅವಕಾಶವಿದೆ. ಬೇಸಿಗೆಯ ಗುಡುಗು ಮಳೆಯ ಬಿರುಗಾಳಿಗೆ ಅಲ್ಲಿ ಸ್ಪಷ್ಟ ವ್ಯಾಖ್ಯೆಯೊಡನೆ ಜಾಗ ಸಿಗಬೇಕು, ಎಷ್ಟು ವೇಗದ ಗಾಳಿ, ಯಾವ ಪುರಾವೆ, ಯಾವ ಬೆಳೆ ಎಂಬುದು ಬರಹದಲ್ಲಿರಬೇಕು ಎಂದು ತಾವು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂಬುದು ನನ್ನ ಮುಖ್ಯ ಪ್ರಾರ್ಥನೆ. ರಾಜ್ಯದಲ್ಲಿ ಅತಿ ಹೆಚ್ಚು ಮಾವು ಬೆಳೆಯುವ ಜಿಲ್ಲೆಯ ಆಡಳಿತದಿಂದ ಹೋದ ಶಿಫಾರಸಿಗೆ ತೂಕವಿರುತ್ತದೆ. ಅಲ್ಲಿಯವರೆಗೆ, ತಮ್ಮ ಅಧಿಕಾರದಲ್ಲೇ ಆಗುವ ಒಂದು ಕೆಲಸವಿದೆ: ಸಮೀಕ್ಷೆಗೆ ಹೋಗುವವರ ಕೈಯಲ್ಲಿನ ನಮೂನೆಯಲ್ಲಿ ಆಲಿಕಲ್ಲಿನ ಪಕ್ಕದಲ್ಲಿ ಗಾಳಿ ಎಂಬ ಒಂದು ಕಾಲಂ ಸೇರಿಸುವುದು.

ಕೊನೆಯದಾಗಿ, ನಮ್ಮ ಕಡೆಯಿಂದ ಆಗಬೇಕಾದ್ದನ್ನೂ ಮರೆಯುವುದಿಲ್ಲ. ತಂದೆಯ ಕಾಲದಲ್ಲಿ ತೋಪಿನ ಸುತ್ತ ಸರ್ವೆ, ಹೊಂಗೆ, ಬೇವಿನ ಸಾಲು ಇರುತ್ತಿತ್ತು. ಬದುವಿನ ಜಾಗವನ್ನೂ ಬಿಡದೆ ಬೆಳೆ ಇಡುವ ಆಸೆಯಲ್ಲಿ ಅವನ್ನು ಕಡಿದವರು ನಾವೇ. ಗಾಳಿತಡೆಯ ಸಾಲು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ರಭಸವನ್ನು ತಗ್ಗಿಸುತ್ತದೆ. ಗೋಡೆಯಂತೆ ಪೂರಾ ಮುಚ್ಚಿದ್ದಕ್ಕಿಂತ, ಗಾಳಿ ಸೋಸಿಕೊಂಡು ಹೋಗುವ ಮರಗಳ ಸಾಲೇ ಹೆಚ್ಚು ಉಪಯುಕ್ತ. ಮೂವತ್ತು ಅಡಿಯ ಸರ್ವೆ ಮುನ್ನೂರು ಅಡಿಯ ತೋಪನ್ನು ಕಾಯಬಲ್ಲದು. ಉದ್ಯೋಗ ಖಾತ್ರಿಯ ಕೆಲಸಗಳಲ್ಲಿ ತೋಪಿನ ಗಾಳಿತಡೆಯನ್ನು ಸೇರಿಸಿ ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಕೊಡಿಸಿದರೆ ನೆಟ್ಟು ಉಳಿಸಿಕೊಳ್ಳುವ ಹೊಣೆ ನಮ್ಮದು. ಮಾವಿನ ಮರಗಳ ಎತ್ತರ ತಗ್ಗಿಸಿ ಸವರುವುದನ್ನು ಹೊಗಳಗೆರೆಯ ಮಾವು ಅಭಿವೃದ್ಧಿ ಕೇಂದ್ರದಂತಹ ಕಡೆ ಕಲಿಸಿದರೆ ಕಲಿಯುವುದಕ್ಕೂ ನಾವು ಸಿದ್ಧ. ಸರ್ವೆ ಬೆಳೆಯಲು ಐದಾರು ವರ್ಷ ಬೇಕು, ಆದ್ದರಿಂದ ಈ ಮುಂಗಾರಿನಲ್ಲೇ ನೆಡಬೇಕು.

ಅಶ್ವಿನಿ ಮಳೆಗೆ ಮೊದಲು ತಾವು ಒಂದು ಸಭೆ ಕರೆದು ಕಂದಾಯ, ತೋಟಗಾರಿಕೆ, ವಿದ್ಯುತ್, ಶಿಕ್ಷಣ, ಹಾಲು ಒಕ್ಕೂಟಗಳವರನ್ನು ಒಂದೇ ಕಡೆ ಕೂರಿಸಬೇಕೆಂದು ಕೋರುತ್ತೇನೆ. ಆ ಸಭೆಗೆ ಹೋಬಳಿಗೊಬ್ಬ ಬೆಳೆಗಾರರನ್ನೂ, ಒಬ್ಬ ಕುರಿಗಾಹಿಯನ್ನೂ, ಒಬ್ಬ ಫಸಲು ಗುತ್ತಿಗೆದಾರರನ್ನೂ ಕರೆಯಿರಿ. ಹತ್ತು ಮರಗಳ ಎಣಿಕೆಯ ಕ್ರಮವನ್ನು ಪ್ರಯೋಗ ಮಾಡಿ ನೋಡಲು ಜಾಗ ಬೇಕಾದರೆ ನನ್ನ ಆರು ಎಕರೆ ತೋಪನ್ನು ಬಳಸಿಕೊಳ್ಳಬಹುದು. ಈಗ ಮರಗಳಲ್ಲಿರುವ ಹೀಚನ್ನು ಇದೇ ವಾರ ಎಣಿಸಿ ಬರೆದಿಡುವ ಕೆಲಸವನ್ನು ನಾನೂ ನನ್ನ ಮಗನೂ ಆರಂಭಿಸಿದ್ದೇವೆ. ತೋಪಿನ ಮೂಡಣ ಅಂಚಿನ ಹತ್ತು ಮರಗಳ ಕಾಂಡಕ್ಕೆ ಸುಣ್ಣದಲ್ಲಿ ಅಂಕಿ ಹಾಕಿದೆ.

ಇಂತಿ ತಮ್ಮ ವಿಶ್ವಾಸಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಮಾವು ಬೆಳೆಗಾರ